ಯಹೂದಿಗಳ ದಿನಚರಿಯಲ್ಲಿ ದೇವರ ಸಾಮೀಪ್ಯ

ಈ ಸಂಚಿಕೆಗೆ ಒಬ್ಬೊಬ್ಬರು ಒಂದೊಂದು ಧರ್ಮದವರ ದಿನನಿತ್ಯದ ಆರಾಧನೆಯ ಬಗ್ಗೆ ಬರೆಯಬೇಕೆಂದು ತೀರ್ಮಾನವಾದಾಗ ಮೇಡಂ ಚೀಟಿ ಎತ್ತಿಸಿದರು. ನನ್ನ ಪಕ್ಕದವಳಿಗೆ ಜೈನ ಧರ್ಮ ಬಂತು. ಅವಳ ಮನೆಯ ಎದುರೇ ಬಸದಿ ಇದೆ, ಅವಳಿಗೆ ಸುಲಭ. ಸೈನ್ಸ್ ವಿಭಾಗದ ಒಬ್ಬನಿಗೆ ಸಿಖ್ ಧರ್ಮ ಬಂತು. ನನ್ನ ಚೀಟಿಯಲ್ಲಿ ‘ಯಹೂದಿ’ ಎಂದಿತ್ತು. ಹಿಂದಿನ ಬೆಂಚಿನಿಂದ ಒಬ್ಬಳು “ಬದಲಾಯಿಸಿಕೋ, ಇದು ಬೇಡ” ಎಂದು ಪಿಸುಗುಟ್ಟಿದಳು. ನಾನೂ ಕೈ ಎತ್ತಬೇಕೆಂದಿದ್ದೆ. ಅಷ್ಟರಲ್ಲಿ ಬೆಲ್ ಹೊಡೆಯಿತು.

ಅವಳು ಯಾಕೆ ಹಾಗೆ ಹೇಳಿದಳೆಂದು ನಿಮಗೆ ಗೊತ್ತು. ನಮ್ಮ ಮನೆಗಳಲ್ಲಿ ಈ ಪದ ಕೇಳಿಬರುವುದು ಟಿವಿ ಸುದ್ದಿಯ ಹೊತ್ತಿನಲ್ಲಿ ಮಾತ್ರ. ಗಾಝಾದ ಮಕ್ಕಳ ಚಿತ್ರ ಬಂದಾಗ ಅಮ್ಮಿ ಚಾನೆಲ್ ಬದಲಿಸುತ್ತಾರೆ, ನೋಡಲಾಗುವುದಿಲ್ಲ ಎಂದು. ನನಗೂ ಆಗುವುದಿಲ್ಲ. ಆದರೆ ಒಂದು ಸರ್ಕಾರ ಮಾಡುವ ಯುದ್ಧ ಬೇರೆ, ಮೂರು ಸಾವಿರ ವರ್ಷಗಳಿಂದ ಬೆಳಗ್ಗೆ ಎದ್ದು ದೇವರ ಹೆಸರು ಹೇಳುತ್ತ ಬಂದಿರುವ ಒಂದು ಜನಾಂಗ ಬೇರೆ. ಕುರ್‌ಆನ್ ಅವರನ್ನು ಗ್ರಂಥದವರು ಎಂದು ಕರೆಯುತ್ತದೆ. ಅದರಲ್ಲಿ ಅತಿ ಹೆಚ್ಚು ಸಲ ಬರುವ ಪ್ರವಾದಿಯ ಹೆಸರು ಹಜ್ರತ್ ಮೂಸಾ ಅವರದು. ಇಷ್ಟು ಹತ್ತಿರದವರ ಒಂದು ದಿನ ಹೇಗಿರುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ಇತಿಹಾಸದ ಮೇಡಂ ಎರಡು ಪುಸ್ತಕ ಕೊಟ್ಟರು, ಲೈಬ್ರರಿಯಲ್ಲಿ ಇನ್ನೊಂದು ಸಿಕ್ಕಿತು. ಓದಿದ್ದನ್ನು ಬರೆಯುತ್ತಿದ್ದೇನೆ. ನಾನು ಕಾಮರ್ಸ್ ವಿದ್ಯಾರ್ಥಿನಿ, ಧರ್ಮಶಾಸ್ತ್ರ ಓದಿದವಳಲ್ಲ. ಹಾಗಾಗಿ ಉದಾಹರಣೆಗಳು ಲೆಕ್ಕಪುಸ್ತಕದಿಂದ ಬಂದರೆ ಕ್ಷಮಿಸಿ.

ಮೊದಲು ಒಂದು ಪದದಿಂದ ಶುರು ಮಾಡುತ್ತೇನೆ. ನಾವು ಬಕ್ರೀದಿಗೆ ಕುರ್ಬಾನಿ ಕೊಡುತ್ತೇವೆ. ಅರಬ್ಬಿಯಲ್ಲಿ ಕುರ್ಬ್ ಎಂದರೆ ಹತ್ತಿರ. ಉರ್ದುವಿನಲ್ಲೂ ಕರೀಬ್ ಎಂದೇ ಹೇಳುತ್ತೇವೆ. ಹೀಬ್ರೂ ಭಾಷೆಯಲ್ಲಿ ಬಲಿಗೆ ಕೊರ್ಬಾನ್ ಎನ್ನುತ್ತಾರೆ, ಅದೂ ‘ಹತ್ತಿರ’ ಎಂಬ ಅದೇ ಮೂಲದ ಪದ. ಅಂದರೆ ದೇವರ ಹತ್ತಿರ ಹೋಗಲು ಕೊಡುವುದು. ಹಿಂದೆ ಯಹೂದಿಗಳು ಈ ಬಲಿಯನ್ನು ಜೆರುಸಲೇಮಿನ ದೇವಾಲಯದಲ್ಲಿ ಮಾತ್ರ ಕೊಡುತ್ತಿದ್ದರು. ಕ್ರಿ.ಶ. 70ರಲ್ಲಿ ರೋಮನ್ ಸೈನ್ಯ ಆ ದೇವಾಲಯವನ್ನು ನೆಲಸಮ ಮಾಡಿತು. ಬಲಿ ನಿಂತುಹೋಯಿತು. ಹತ್ತಿರ ಹೋಗುವ ದಾರಿಯೇ ಮುಚ್ಚಿದ ಹಾಗಾಯಿತು. ಆಗ ಅವರ ಗುರುಗಳು, ಅಂದರೆ ರಬ್ಬಿಗಳು, ಒಂದು ದೊಡ್ಡ ಕೆಲಸ ಮಾಡಿದರು. ಬಲಿಯ ಜಾಗದಲ್ಲಿ ಪ್ರಾರ್ಥನೆಯನ್ನು ಇಟ್ಟರು. ಬಲಿಪೀಠದ ಜಾಗದಲ್ಲಿ ಮನೆಯ ಊಟದ ಮೇಜನ್ನು ಇಟ್ಟರು. ಇಂದಿಗೂ ಸಂಪ್ರದಾಯಸ್ಥ ಯಹೂದಿಗಳು ಊಟದ ಮೊದಲ ರೊಟ್ಟಿತುಂಡನ್ನು ಉಪ್ಪಿಗೆ ಮುಟ್ಟಿಸಿ ತಿನ್ನುತ್ತಾರೆ, ಯಾಕೆಂದರೆ ಬಲಿಯ ಜೊತೆ ಉಪ್ಪು ಇಡುತ್ತಿದ್ದರು. ಮುಂದೆ ನಾನು ಹೇಳುವ ಎಲ್ಲ ಸಣ್ಣ ಸಣ್ಣ ಸಂಗತಿಗಳ ಹಿಂದೆ ಈ ಒಂದು ನಷ್ಟ ಇದೆ ಎಂದು ನೆನಪಿಟ್ಟುಕೊಳ್ಳಿ.

ದಿನ ಶುರುವಾಗುವುದು ಹಾಸಿಗೆಯಲ್ಲೇ. ಕಣ್ಣು ಬಿಟ್ಟ ಕೂಡಲೇ ಹನ್ನೆರಡು ಹೀಬ್ರೂ ಪದಗಳ ಒಂದು ಚಿಕ್ಕ ಪ್ರಾರ್ಥನೆ ಹೇಳುತ್ತಾರೆ. ಅದರ ಮೊದಲ ಪದಗಳಿಂದ ಅದಕ್ಕೆ ಮೋದೆ ಅನಿ ಎಂದು ಹೆಸರು. ಹೆಂಗಸರು ಮೋದಾ ಅನಿ ಎನ್ನುತ್ತಾರೆ. ನನ್ನ ಜೀವವನ್ನು ನನಗೆ ಹಿಂದಿರುಗಿಸಿದ್ದಕ್ಕೆ ಕೃತಜ್ಞತೆ ಎಂಬುದು ಅದರ ತಾತ್ಪರ್ಯ. ನಾವು ಎದ್ದಾಗ ಹೇಳುವ ದುವಾದ ಅರ್ಥವೂ ಬಹುತೇಕ ಇದೇ, ನಿದ್ದೆ ಎಂಬ ಸಾವಿನಿಂದ ಎಬ್ಬಿಸಿದ್ದಕ್ಕೆ ಸ್ತುತಿ. ಈ ಹನ್ನೆರಡು ಪದಗಳಲ್ಲಿ ದೇವರ ಹೆಸರು ಮಾತ್ರ ಇಲ್ಲ. ಕಾರಣ, ಕೈ ಇನ್ನೂ ತೊಳೆದಿಲ್ಲ. ಕೈ ತೊಳೆಯುವವರೆಗೂ ಕಾಯಲು ಮನಸ್ಸಿಲ್ಲ, ತೊಳೆಯದ ಕೈಯಲ್ಲಿ ಹೆಸರೆತ್ತಲು ಧೈರ್ಯವೂ ಇಲ್ಲ. ಹಾಗಾಗಿ ಹೆಸರಿಲ್ಲದ ಧನ್ಯವಾದ. ಇದು ನನಗೆ ಬಹಳ ಇಷ್ಟವಾಯಿತು.

ಆಮೇಲೆ ಕೈ ತೊಳೆಯುತ್ತಾರೆ. ನಲ್ಲಿಯಲ್ಲಿ ಅಲ್ಲ, ಪಾತ್ರೆಯಿಂದ. ಬಲಗೈಗೆ ಒಮ್ಮೆ, ಎಡಗೈಗೆ ಒಮ್ಮೆ, ಹೀಗೆ ಮೂರು ಸುತ್ತು. ಅದಕ್ಕೆ ಎರಡು ಹಿಡಿಕೆಯ ಒಂದು ಲೋಟವೇ ಇರುತ್ತದೆ. ನಮ್ಮ ದಾದಿಯ ವುಝೂ ಲೋಟಾ ನೆನಪಾಯಿತು. (ದಾದಿ ಎಂದರೆ ಕನ್ನಡದಲ್ಲಿ ನರ್ಸ್. ನಮ್ಮ ಮನೆಯಲ್ಲಿ ಅಬ್ಬಾನ ತಾಯಿ. ಪ್ರೈಮರಿಯಲ್ಲಿ “ನಮ್ಮ ದಾದಿ ಮನೆಯಲ್ಲೇ ಇರುತ್ತಾರೆ” ಎಂದು ಪ್ರಬಂಧ ಬರೆದು, ನಮ್ಮದು ಶ್ರೀಮಂತರ ಮನೆ ಎಂದು ಟೀಚರ್ ತಿಳಿದಿದ್ದರು.)

ಮುಂದಿನದನ್ನು ಬರೆಯುವುದೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಯಹೂದಿಗಳಲ್ಲಿ ಶೌಚಾಲಯದಿಂದ ಹೊರಬಂದ ಮೇಲೆ ಕೈ ತೊಳೆದು ಹೇಳುವ ಒಂದು ಪ್ರಾರ್ಥನೆ ಇದೆ. ಅಶೆರ್ ಯತ್ಸರ್ ಎಂದು ಅದರ ಹೆಸರು. ತಾಲ್ಮೂದ್ ಎಂಬ ಅವರ ದೊಡ್ಡ ಗ್ರಂಥದಲ್ಲಿ ಇದನ್ನು ಅಬಾಯೆ ಎಂಬ ಗುರುವಿನ ಹೆಸರಿನಲ್ಲಿ ಕೊಟ್ಟಿದ್ದಾರೆ. ದೇವರು ಮನುಷ್ಯನನ್ನು ಜ್ಞಾನದಿಂದ ರಚಿಸಿ ಅವನೊಳಗೆ ರಂಧ್ರಗಳನ್ನೂ ನಾಳಗಳನ್ನೂ ಇಟ್ಟಿದ್ದಾನೆ, ಅದರಲ್ಲಿ ಒಂದು ಒಡೆದರೂ ಒಂದು ಕಟ್ಟಿಕೊಂಡರೂ ಅವನ ಮುಂದೆ ನಿಲ್ಲಲು ಸಾಧ್ಯವಿಲ್ಲ ಎಂಬುದು ಅದರ ಭಾವ. ನಮ್ಮಲ್ಲೂ ಹೊರಬರುವಾಗ ‘ಗುಫ್ರಾನಕ’ ಎನ್ನುತ್ತೇವೆ. ಚಿಕ್ಕಂದಿನಲ್ಲಿ ಕಲಿತದ್ದು, ಎಷ್ಟು ಜನ ಹೇಳುತ್ತೇವೋ ಗೊತ್ತಿಲ್ಲ.

ಇದನ್ನು ಓದಿದಾಗ ನಗಬಹುದಿತ್ತು. ನಾನು ನಗಲಿಲ್ಲ. ನಮ್ಮ ಅಬ್ಬಾಗೆ ಕಳೆದ ವರ್ಷದಿಂದ ವಾರಕ್ಕೆ ಎರಡು ಸಲ ಡಯಾಲಿಸಿಸ್ ಆಗುತ್ತಿದೆ. ಎರಡೂ ಮೂತ್ರಪಿಂಡ ಕೆಲಸ ಮಾಡುತ್ತಿಲ್ಲ. ಆರೋಗ್ಯವಂತರು ದಿನಕ್ಕೆ ಐದಾರು ಸಲ ಯೋಚಿಸದೇ ಮಾಡುವ ಒಂದು ಕೆಲಸಕ್ಕಾಗಿ ಅವರು ನಾಲ್ಕು ಗಂಟೆ ಯಂತ್ರದ ಪಕ್ಕ ಮಲಗಬೇಕು. ಮನೆಯಲ್ಲಿ ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. “ಇವತ್ತು ಆಸ್ಪತ್ರೆ ಇದೆ” ಎನ್ನುತ್ತೇವೆ, ಅಷ್ಟೇ. ಸಾವಿರದ ಐನೂರು ವರ್ಷಗಳಿಗೂ ಹಿಂದಿನ ಒಬ್ಬ ಯಹೂದಿ ಗುರು ನಾಚಿಕೆಯಿಲ್ಲದೆ ಅದನ್ನು ದೇವರ ಮುಂದೆ ಹೇಳಿದ್ದಾನೆ.

ಈಗ ಲೆಕ್ಕಕ್ಕೆ ಬರುತ್ತೇನೆ. ಕ್ರಿ.ಶ. ಎರಡನೇ ಶತಮಾನದ ರಬ್ಬಿ ಮೇಯಿರ್ ಎಂಬವರು, ಮನುಷ್ಯ ದಿನಕ್ಕೆ ನೂರು ಸಲ ದೇವರನ್ನು ಸ್ತುತಿಸಬೇಕು ಎಂದರು. ಈ ಸ್ತುತಿಗೆ ಹೀಬ್ರೂವಿನಲ್ಲಿ ಬ್ರಖಾ ಎನ್ನುತ್ತಾರೆ. ಬಹುವಚನ ಬ್ರಖೋತ್. ನಮ್ಮ ‘ಬರಕತ್’ ಇದರ ತಂಗಿ. ನೂರು ಎಂದರೆ ಹೆಚ್ಚು ಅನಿಸುತ್ತದೆ, ಆದರೆ ಕೂಡಿಸಿ ನೋಡಿ. ದಿನಕ್ಕೆ ಮೂರು ಹೊತ್ತು ನಿಂತು ಮಾಡುವ ಮುಖ್ಯ ಪ್ರಾರ್ಥನೆ ಅಮಿದಾದಲ್ಲಿ 19 ಸ್ತುತಿಗಳಿವೆ. ತಮಾಷೆ ಎಂದರೆ ಅದರ ಇನ್ನೊಂದು ಹೆಸರು ‘ಹದಿನೆಂಟು’. ಒಂದು ಆಮೇಲೆ ಸೇರಿತು, ಹೆಸರು ಹಾಗೇ ಉಳಿಯಿತು. ಮೂರು ಹೊತ್ತಿಗೆ 57 ಆಯಿತು. ಉಳಿದದ್ದು ಬೆಳಗಿನ ಸ್ತುತಿಗಳು, ಊಟ, ತಿಂಡಿ, ನೀರು ಇತ್ಯಾದಿಗಳಿಂದ ತುಂಬುತ್ತದೆ. ಶನಿವಾರ ಸಬ್ಬತ್ ದಿನ ಮಾತ್ರ ಖೋತಾ ಬೀಳುತ್ತದೆ. ಅಂದು ಅಮಿದಾ ನಾಲ್ಕು ಸಲ, ಆದರೆ ಒಂದೊಂದರಲ್ಲೂ ಏಳೇ ಸ್ತುತಿ. ಒಟ್ಟು 28. ಅಂದರೆ 29 ಕಡಿಮೆ. ಈ ಖೋತಾ ಹೇಗೆ ತುಂಬುತ್ತಾರೆ ಗೊತ್ತೇ? ಹೆಚ್ಚು ಹಣ್ಣು, ಹೆಚ್ಚು ಸಿಹಿ ತಿಂದು! ಒಂದೊಂದಕ್ಕೂ ಒಂದೊಂದು ಸ್ತುತಿ ಹೇಳಬಹುದಲ್ಲ. ಇಂಥ ಬ್ಯಾಲೆನ್ಸ್ ಶೀಟ್ ನಾನು ಎಲ್ಲೂ ನೋಡಿಲ್ಲ.

ತಿನ್ನುವ ವಸ್ತುವಿಗೆ ತಕ್ಕಂತೆ ಸ್ತುತಿ ಬದಲಾಗುತ್ತದೆ. ರೊಟ್ಟಿಗೆ ಒಂದು, ದ್ರಾಕ್ಷಾರಸಕ್ಕೆ ಒಂದು, ಧಾನ್ಯದ ಬೇರೆ ತಿನಿಸಿಗೆ ಒಂದು, ಮರದ ಹಣ್ಣಿಗೆ ಒಂದು, ನೆಲದ ಬೆಳೆಗೆ ಒಂದು, ನೀರು, ಹಾಲು, ಮಾಂಸ, ಮೊಟ್ಟೆ ಮುಂತಾದ ಉಳಿದದ್ದಕ್ಕೆ ಒಂದು. ಸೇಬು ತಿನ್ನುವಾಗ ಮರದ ಸ್ತುತಿ. ಬಾಳೆಹಣ್ಣಿಗೆ? ನಾನು ಮರದ್ದೇ ಎಂದುಕೊಂಡಿದ್ದೆ. ಅಲ್ಲ, ನೆಲದ್ದು. ಬಾಳೆ ನಿಜಕ್ಕೂ ಮರವಲ್ಲ, ಗೊನೆ ಬಿಟ್ಟ ಮೇಲೆ ಅದರ ದಿಂಡು ಸಾಯುತ್ತದೆ, ಮರುವರ್ಷ ಅದೇ ಕೊಂಬೆಯಲ್ಲಿ ಹಣ್ಣು ಬಿಡುವುದಿಲ್ಲ. ತೋಟ ಇರುವ ನಮ್ಮ ಊರಿನವರಿಗೆಲ್ಲ ಇದು ಗೊತ್ತು. ಅಂದರೆ ಬಾಯಿಗೆ ಹಾಕುವ ಮೊದಲು, ಇದು ಎಲ್ಲಿಂದ ಬಂತು, ಹೇಗೆ ಬೆಳೆಯಿತು ಎಂದು ಒಂದು ಕ್ಷಣ ಯೋಚಿಸಲೇಬೇಕು. ಸ್ತುತಿ ಹೇಳಿ ತಿನ್ನದೇ ಬಿಟ್ಟರೆ ಅದು ವ್ಯರ್ಥ ಸ್ತುತಿ, ದೇವರ ಹೆಸರನ್ನು ಸುಮ್ಮನೆ ಎತ್ತಿದ ತಪ್ಪು. ಹಾಗಾಗಿ ಸ್ತುತಿಗೂ ಮೊದಲ ತುತ್ತಿಗೂ ನಡುವೆ ಮಾತಾಡುವುದಿಲ್ಲ.

ಊಟಕ್ಕೆ ಮಾತ್ರವಲ್ಲ. ಗುಡುಗಿಗೆ, ಮಿಂಚಿಗೆ, ಕಾಮನಬಿಲ್ಲಿಗೆ, ಹೊಸ ಬಟ್ಟೆಗೆ, ವರ್ಷದ ಮೊದಲ ಹಣ್ಣಿಗೆ, ವಸಂತದಲ್ಲಿ ಹೂಬಿಟ್ಟ ಹಣ್ಣಿನ ಮರಕ್ಕೆ, ಪರಿಮಳಕ್ಕೆ, ದೊಡ್ಡ ವಿದ್ವಾಂಸರನ್ನು ಕಂಡಾಗ, ಎಲ್ಲಕ್ಕೂ ಇದೆ. ಸಾವಿನ ಸುದ್ದಿ ಬಂದಾಗಲೂ ಇದೆ. ಆಗ ದೇವರನ್ನು ಸತ್ಯದ ನ್ಯಾಯಾಧೀಶ ಎಂದು ಸ್ತುತಿಸುತ್ತಾರೆ. ಒಳ್ಳೆಯದಕ್ಕೆ ಸ್ತುತಿಸುವಂತೆ ಕೆಟ್ಟದ್ದಕ್ಕೂ ಸ್ತುತಿಸಬೇಕೆಂದು ಅವರ ಮಿಶ್ನಾ ಗ್ರಂಥ ಹೇಳುತ್ತದೆ. ನಾವು ‘ಇನ್ನಾ ಲಿಲ್ಲಾಹಿ’ ಎನ್ನುತ್ತೇವಲ್ಲ, ಆ ಹೊತ್ತಿನಲ್ಲಿ ಅವರ ಬಾಯಲ್ಲಿ ಬರುವುದು ಇದು.

ಯಾಕೆ ಇಷ್ಟೆಲ್ಲ? ತಾಲ್ಮೂದ್‌ನಲ್ಲಿ ಒಂದು ಚರ್ಚೆ ಇದೆ. ದಾವೂದ್ ಪ್ರವಾದಿಯ ಹೆಸರಿನ ಕೀರ್ತನೆಗಳಲ್ಲಿ ಒಂದು ಕಡೆ ಭೂಮಿಯೂ ಅದರ ಸಂಪತ್ತೂ ದೇವರದು ಎಂದಿದೆ, ಇನ್ನೊಂದು ಕಡೆ ಭೂಮಿಯನ್ನು ಮನುಷ್ಯರಿಗೆ ಕೊಟ್ಟಿದ್ದಾನೆ ಎಂದಿದೆ. ಯಾವುದು ಸರಿ? ಗುರುಗಳ ಉತ್ತರ: ಎರಡೂ ಸರಿ. ಮೊದಲನೆಯದು ಸ್ತುತಿ ಹೇಳುವ ಮುಂಚೆ, ಎರಡನೆಯದು ಹೇಳಿದ ಮೇಲೆ. ಹೇಳದೆ ತಿಂದವನು ದೇವಾಲಯದ ಸೊತ್ತನ್ನು ಬಳಸಿಕೊಂಡವನಂತೆ. ನಮ್ಮ ಅಂಗಡಿಯಲ್ಲಿ ಗೋಡೌನ್‌ನಿಂದ ಸಾಮಾನು ತರುವಾಗ ಹುಡುಗ ಚೀಟಿ ಬರೆಸಿಕೊಳ್ಳಬೇಕು. ಚೀಟಿ ಎಂದರೆ ಹಣ ಕೊಟ್ಟ ಹಾಗಲ್ಲ. ಸಾಮಾನಿನ ಬೆಲೆ ಅವನು ಯಾವತ್ತೂ ಕೊಡಲಾರ. ಆದರೆ ಚೀಟಿ ಇದ್ದರೆ ಅದು ಕಳ್ಳತನವಲ್ಲ. ನಮ್ಮ ಬಿಸ್ಮಿಲ್ಲಾವನ್ನೂ ನಾನು ಈಗ ಹೀಗೆ ನೋಡುತ್ತಿದ್ದೇನೆ.

ಮನೆಯ ಬಾಗಿಲಿಗೂ ಒಂದು ಗುರುತು ಇರುತ್ತದೆ. ಒಳಗೆ ಹೋಗುವಾಗ ಬಲಗಡೆಯ ಚೌಕಟ್ಟಿಗೆ ಒಂದು ಸಣ್ಣ ಕರಂಡಕ ಹೊಡೆದಿರುತ್ತಾರೆ. ಒಳಗೆ ತೌರಾತಿನ ಎರಡು ಭಾಗಗಳನ್ನು ಬರೆದ ಚರ್ಮದ ಸುರುಳಿ. ಇದೇ ಮೆಝುಝಾ. ಪ್ರಿಂಟ್ ಮಾಡಿದ್ದು ನಡೆಯುವುದಿಲ್ಲ, ಲಿಪಿಕಾರ ಕೈಯಿಂದ 22 ಸಾಲುಗಳಲ್ಲಿ 713 ಅಕ್ಷರ ಬರೆಯಬೇಕು, ಒಂದು ಅಕ್ಷರ ಅಳಿಸಿದರೂ ಅನರ್ಹ. ಹೋಗುವಾಗ ಬರುವಾಗ ಅದನ್ನು ಮುಟ್ಟಿ ಬೆರಳಿಗೆ ಮುತ್ತಿಡುವವರು ಬಹಳ. ಇದನ್ನು ನೇರ ನಿಲ್ಲಿಸಬೇಕೋ ಅಡ್ಡ ಮಲಗಿಸಬೇಕೋ ಎಂದು ಫ್ರಾನ್ಸಿನ ದೊಡ್ಡ ಪಂಡಿತ ರಾಶಿಗೂ ಅವರ ಮೊಮ್ಮಗನಿಗೂ ಭಿನ್ನಾಭಿಪ್ರಾಯ. ಕೊನೆಗೆ ಯೂರೋಪಿನ ಬಹಳ ಯಹೂದಿಗಳು ಓರೆಯಾಗಿ ಹೊಡೆದರು. ಅಜ್ಜ ಮೊಮ್ಮಗನ ಜಗಳ ಬಾಗಿಲಲ್ಲಿ ಇನ್ನೂ ಓರೆಯಾಗಿಯೇ ನಿಂತಿದೆ.

ಕಾಮರ್ಸ್‌ನವರಿಗೆ ಮುಖ್ಯವಾದ ವಿಷಯ ಈಗ ಬರುತ್ತದೆ. ಮಧ್ಯಾಹ್ನದ ಪ್ರಾರ್ಥನೆ ಮಿನ್ಹಾ ಬರುವುದು ಸರಿಯಾಗಿ ಕೆಲಸದ ಹೊತ್ತಿನಲ್ಲಿ, ನಮ್ಮ ಝುಹರ್, ಅಸರ್ ಹಾಗೆ. ಗಿರಾಕಿ ಇದ್ದಾಗ ಎದ್ದು ಹೋಗುವುದು ಎಷ್ಟು ಕಷ್ಟ ಎಂದು ಅಂಗಡಿಯಲ್ಲಿ ಕೂತವರಿಗೆ ಗೊತ್ತು. ಆದರೆ ಇನ್ನೊಂದು ಮುಖವೂ ಇದೆ. ಕೂಲಿಯವನ ಸಮಯ ಅವನದಲ್ಲ, ಯಜಮಾನನದು. ಹಾಗಾಗಿ ಮರದ ಮೇಲೆ, ಕಟ್ಟುವ ಗೋಡೆಯ ಮೇಲೆ ಇರುವ ಕೆಲಸಗಾರ ಕೆಳಗಿಳಿಯದೆ ಅಲ್ಲೇ ‘ಶೆಮಾ’ ಹೇಳಬಹುದೆಂದು ಮಿಶ್ನಾ ಒಪ್ಪುತ್ತದೆ. ಊಟದ ನಂತರದ ಉದ್ದ ಪ್ರಾರ್ಥನೆಯನ್ನೂ ಕೂಲಿಯವರು ಮೊಟಕು ಮಾಡಬಹುದು ಎನ್ನುತ್ತದೆ ತಾಲ್ಮೂದ್. ದೇವರ ಹೆಸರಿನಲ್ಲಿ ಯಜಮಾನನ ಗಳಿಗೆ ಕದಿಯಬಾರದು. ಸತ್ತ ಮೇಲೆ ಲೆಕ್ಕ ಕೇಳುವಾಗ ಮನುಷ್ಯನಿಗೆ ಹಾಕುವ ಮೊದಲ ಪ್ರಶ್ನೆ, ಕೊಡುಕೊಳ್ಳುವ ವ್ಯವಹಾರದಲ್ಲಿ ನಂಬಿಗಸ್ತನಾಗಿದ್ದೆಯಾ ಎಂಬುದು ಎಂದೂ ಅಲ್ಲಿದೆ. ನಮ್ಮಲ್ಲಿ ಮೊದಲ ಲೆಕ್ಕ ನಮಾಜಿನದು ಎಂದು ಹದೀಸ್ ಇದೆ. ಆದರೆ ತೂಕದಲ್ಲಿ ಮೋಸ ಮಾಡುವವರ ಮೇಲೆ ಕುರ್‌ಆನಿನಲ್ಲಿ ಒಂದು ಸೂರಾವೇ ಇದೆ.

ಇಲ್ಲಿ ನಮ್ಮ ರಾಜ್ಯದ ಒಂದು ಕಥೆ ಹೇಳಲೇಬೇಕು. 12ನೇ ಶತಮಾನದಲ್ಲಿ ಟ್ಯುನೀಷಿಯಾದ ಮಹ್ದಿಯಾ ಊರಿನ ಅಬ್ರಹಾಂ ಬಿನ್ ಯಿಜು ಎಂಬ ಯಹೂದಿ ವ್ಯಾಪಾರಿ ಏಡನ್ ಮಾರ್ಗವಾಗಿ ಮಂಗಳೂರಿಗೆ ಬಂದ. 1132ರಲ್ಲಿ ಅವನು ಇಲ್ಲಿ ಅಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ ಪತ್ರ ಸಿಕ್ಕಿದೆ. ಅವಳನ್ನೇ ಮದುವೆಯಾದನೆಂದು ವಿದ್ವಾಂಸರು ಹೇಳುತ್ತಾರೆ. ಮೆಣಸು, ಕಬ್ಬಿಣ, ಅಡಿಕೆ ಕಳಿಸುತ್ತಿದ್ದ. ಕಂಚಿನ ಪಾತ್ರೆ ಮಾಡಿಸುವ ಕಾರ್ಖಾನೆ ಇಟ್ಟಿದ್ದ. ಏಡನ್‌ನ ಗಿರಾಕಿಗಳು ಮುರಿದ ಹಳೆಯ ಪಾತ್ರೆ ಕಳಿಸಿ ಹೊಸದು ಎರಕ ಹೊಯ್ಸಿಕೊಳ್ಳುತ್ತಿದ್ದರು. ನಮ್ಮದೂ ಪಾತ್ರೆ ಅಂಗಡಿ, ಹಳೆಯದು ಕೊಟ್ಟು ಹೊಸದು ಒಯ್ಯುವ ಗಿರಾಕಿಗಳು ಈಗಲೂ ಬರುತ್ತಾರೆ. ಅಬ್ಬಾಗೆ ಇದನ್ನು ಹೇಳಿದಾಗ ಮೊದಲು ಕೇಳಿದ್ದು, “ಕಿಲೋಗೆ ಎಷ್ಟು ಕಡಿತ ಮಾಡುತ್ತಿದ್ದನಂತೆ?”

ಒಂಬೈನೂರು ವರ್ಷದ ಹಿಂದಿನ ಅಂಗಡಿಯ ಪತ್ರಗಳು ಹೇಗೆ ಉಳಿದವು? ದೇವರ ಹೆಸರಿರುವ ಕಾಗದವನ್ನು ಯಹೂದಿಗಳು ಕಸಕ್ಕೆ ಹಾಕುವುದಿಲ್ಲ. ಕೈರೋದ ಬಿನ್ ಎಝ್ರಾ ಸಿನಗಾಗ್‌ನಲ್ಲಿ ಇಂಥ ಕಾಗದಕ್ಕೆಂದೇ ಒಂದು ಕೋಣೆ ಇತ್ತು, ಅದಕ್ಕೆ ಗೆನಿಝಾ ಎನ್ನುತ್ತಾರೆ. ವ್ಯಾಪಾರದ ಪತ್ರವೂ ದೇವರ ಹೆಸರಿನಿಂದಲೇ ಶುರುವಾಗುತ್ತಿತ್ತು. ಬರೆದದ್ದು ಅರಬ್ಬಿ ಭಾಷೆ, ಆದರೆ ಹೀಬ್ರೂ ಅಕ್ಷರ. ಹಾಗಾಗಿ ಅಡಿಕೆಯ ಲೆಕ್ಕವೂ ಆ ಕೋಣೆಗೆ ಬಿತ್ತು. 1896-97ರಲ್ಲಿ ಸೊಲೊಮನ್ ಶೆಕ್ಟರ್ ಎಂಬ ವಿದ್ವಾಂಸರು ಅಲ್ಲಿಂದ ಸುಮಾರು 1,93,000 ತುಣುಕುಗಳನ್ನು ಕೇಂಬ್ರಿಜ್‌ಗೆ ಒಯ್ದರು. ಅಮಿತಾವ್ ಘೋಷ್ ಅವರು ‘ಇನ್ ಆ್ಯನ್ ಆ್ಯಂಟಿಕ್ ಲ್ಯಾಂಡ್’ ಪುಸ್ತಕದಲ್ಲಿ ಬಿನ್ ಯಿಜುವಿನ ಬಗ್ಗೆ ಬರೆದಿದ್ದಾರೆ. ನಮ್ಮ ದಾದಿ ಇದ್ದಾಗ, ಭಜಿ ಕಟ್ಟಿಕೊಟ್ಟ ಉರ್ದು ಪೇಪರ್ ರಸ್ತೆಯಲ್ಲಿ ಬಿದ್ದಿದ್ದರೆ ಬಗ್ಗಿ ಎತ್ತಿ, ಕಣ್ಣಿಗೊತ್ತಿ, ಗೋಡೆಯ ಸಂದಿಗೆ ಸಿಕ್ಕಿಸುತ್ತಿದ್ದರು. ಅದರಲ್ಲಿ ಸಿನಿಮಾ ಜಾಹೀರಾತು ಇದ್ದರೂ ಸರಿಯೇ. ನನಗೆ ನಾಚಿಕೆಯಾಗುತ್ತಿತ್ತು, ಬೇಗ ಬನ್ನಿ ಎಂದು ಸೆರಗು ಎಳೆಯುತ್ತಿದ್ದೆ.

ಇನ್ನು ಸಬ್ಬತ್. ಹೀಬ್ರೂವಿನಲ್ಲಿ ಶಬ್ಬಾತ್. ಶುಕ್ರವಾರ ಸೂರ್ಯ ಮುಳುಗುವುದರಿಂದ ಶನಿವಾರ ನಕ್ಷತ್ರ ಕಾಣುವವರೆಗೆ. ನಮ್ಮ ಜುಮಾದಲ್ಲಿ ಅಜಾನ್ ಆದಾಗ ವ್ಯಾಪಾರ ಬಿಟ್ಟು ಹೋಗಿ, ನಮಾಜ್ ಮುಗಿದ ಮೇಲೆ ಮತ್ತೆ ದುಡಿಮೆಗೆ ಹರಡಿಕೊಳ್ಳಬಹುದು. ಅವರಿಗೆ ಪೂರ್ತಿ ಒಂದು ದಿನ. ಮಿಶ್ನಾ 39 ಬಗೆಯ ಕೆಲಸಗಳನ್ನು ಹೆಸರಿಸಿ ನಿಷೇಧಿಸುತ್ತದೆ. ಉಳುವುದು, ಬಿತ್ತುವುದು, ಹೊಲಿಯುವುದು, ಬರೆಯುವುದು, ಬೆಂಕಿ ಹೊತ್ತಿಸುವುದು, ಆರಿಸುವುದು ಹೀಗೆ. ಹಣ ಮುಟ್ಟುವಂತಿಲ್ಲ. ಇಂದಿನ ಸಂಪ್ರದಾಯಸ್ಥರು ಸ್ವಿಚ್ ಹಾಕುವುದಿಲ್ಲ, ಕಾರು ಓಡಿಸುವುದಿಲ್ಲ, ಫೋನ್ ಮುಟ್ಟುವುದಿಲ್ಲ. ಮೊದಲು ಓದಿದಾಗ ಇದು ಶಿಕ್ಷೆ ಅನಿಸಿತು. ಆಮೇಲೆ ಯೋಚಿಸಿದೆ, ಆರು ದಿನ ಜಗತ್ತನ್ನು ಬದಲಾಯಿಸುತ್ತೇವೆ, ಒಂದು ದಿನ ಅದು ಇದ್ದ ಹಾಗೇ ಇರಲಿ, ಅದಕ್ಕೆ ಬೇರೆ ಯಜಮಾನ ಇದ್ದಾನೆ.

ದೀಪ ಹಚ್ಚುವುದು ಸಾಮಾನ್ಯವಾಗಿ ಮನೆಯ ಹೆಂಗಸು. ಅನೇಕ ಊರುಗಳಲ್ಲಿ ಸೂರ್ಯಾಸ್ತಕ್ಕೆ 18 ನಿಮಿಷ ಮೊದಲು. ಇಲ್ಲಿ ಒಂದು ಸೂಕ್ಷ್ಮ ಇದೆ. ಸಾಮಾನ್ಯ ನಿಯಮದಂತೆ ಮೊದಲು ಸ್ತುತಿ, ಆಮೇಲೆ ಕೆಲಸ. ಆದರೆ ಸ್ತುತಿ ಹೇಳಿದ ಕ್ಷಣವೇ ಅವಳಿಗೆ ಸಬ್ಬತ್ ಬಂದುಬಿಟ್ಟಿತು, ಆಮೇಲೆ ಬೆಂಕಿ ಹೊತ್ತಿಸುವಂತಿಲ್ಲ. ಏನು ಮಾಡುವುದು? ದೀಪ ಮೊದಲೇ ಹಚ್ಚುತ್ತಾಳೆ. ಕೂಡಲೇ ಎರಡೂ ಕೈಯಿಂದ ಕಣ್ಣು ಮುಚ್ಚಿಕೊಳ್ಳುತ್ತಾಳೆ. ಹಾಗೇ ಸ್ತುತಿ ಹೇಳುತ್ತಾಳೆ. ಕಣ್ಣು ಬಿಟ್ಟಾಗ ಬೆಳಕು ಕಾಣುತ್ತದೆ. ಸ್ತುತಿಯೂ ಮೊದಲಾಯಿತು, ಕಾನೂನೂ ಉಳಿಯಿತು. ಕಣ್ಣು ಮುಚ್ಚಿರುವ ಆ ಹೊತ್ತಿನಲ್ಲಿ ಹೆಂಗಸರು ತಮ್ಮ ಭಾಷೆಯಲ್ಲಿ, ತಮ್ಮ ಮಕ್ಕಳ ಹೆಸರು ಹಿಡಿದು, ಬೇಕಾದದ್ದನ್ನು ಕೇಳಿಕೊಳ್ಳುವ ರೂಢಿ ಇದೆ. ಆಮೇಲೆ ತಂದೆತಾಯಿ ಮಕ್ಕಳ ತಲೆಯ ಮೇಲೆ ಕೈಯಿಟ್ಟು ಹರಸುತ್ತಾರೆ. ಮೇಜಿನ ಮೇಲೆ ಎರಡು ರೊಟ್ಟಿ, ಮರುಭೂಮಿಯಲ್ಲಿ ಶುಕ್ರವಾರ ಎರಡು ದಿನದ ‘ಮನ್’ ಇಳಿಯುತ್ತಿತ್ತೆಂಬ ನೆನಪಿಗೆ. ಮನ್ನ್ ವ ಸಲ್ವಾ ಎಂದರೆ ನಿಮಗೆಲ್ಲ ಗೊತ್ತು. ಅಡುಗೆ ಮಾಡುವಂತಿಲ್ಲದ ಕಾರಣ ಶುಕ್ರವಾರವೇ ಸಣ್ಣ ಉರಿಯ ಮೇಲೆ ಏರಿಸಿಟ್ಟದ್ದನ್ನು ಶನಿವಾರ ಮಧ್ಯಾಹ್ನ ಬಿಸಿಬಿಸಿ ಉಣ್ಣುತ್ತಾರೆ. ಬಗ್ದಾದಿನ ಯಹೂದಿಗಳು ಇಡೀ ಕೋಳಿಯನ್ನು ಅಕ್ಕಿಯ ಜೊತೆ ರಾತ್ರಿಯೆಲ್ಲ ಬೇಯಿಸುತ್ತಾರೆ, ನಮ್ಮ ದಮ್ಮಿನ ಹಾಗೆ.

ನಮ್ಮ ದೇಶದಲ್ಲೂ ಸಬ್ಬತ್ ಒಂದು ಜನಕ್ಕೆ ಹೆಸರನ್ನೇ ಕೊಟ್ಟಿತು. ಕೊಂಕಣದ ಬೆನೆ ಇಸ್ರೇಲ್ ಯಹೂದಿಗಳು ಹಳ್ಳಿಗಳಲ್ಲಿ ಎಣ್ಣೆ ಗಾಣ ನಡೆಸುತ್ತಿದ್ದರು. ಶನಿವಾರ ಗಾಣ ನಿಲ್ಲಿಸುತ್ತಿದ್ದರಿಂದ ಊರಿನವರು ಅವರನ್ನು ‘ಶನಿವಾರ ತೇಲಿ’ ಎಂದರು. ಬೇರೆ ಯಹೂದಿಗಳ ಸಂಪರ್ಕವಿಲ್ಲದೆ ಎಷ್ಟೋ ಕಾಲ ಕಳೆದರೂ ಅವರು ಸಬ್ಬತ್ತನ್ನೂ ಶೆಮಾವನ್ನೂ ಬಿಡಲಿಲ್ಲ. ಅವರು ಹರಕೆ ತೀರಿಸಲು, ಶುಭಕಾರ್ಯಕ್ಕೆ ಪ್ರವಾದಿ ಎಲಿಯಾಹುವಿನ (ನಮ್ಮ ಇಲ್ಯಾಸ್ ಅಲೈಹಿಸ್ಸಲಾಂ) ನೆನಪಿನಲ್ಲಿ ಅವಲಕ್ಕಿ, ಕಾಯಿತುರಿ, ಸಕ್ಕರೆ ಕಲಸಿ ಹಣ್ಣುಗಳ ಜೊತೆ ಇಡುತ್ತಾರೆ. ಅದರ ಹೆಸರು ಮಲೀದಾ! ನಮ್ಮಲ್ಲಿ ನಿಯಾಜಿಗೆ ಮಾಡುವ ಮಲೀದಾ ರೊಟ್ಟಿಯದು, ಅಷ್ಟೇ ವ್ಯತ್ಯಾಸ. ಅಮ್ಮಿಗೆ ಹೇಳಿದರೆ ನಂಬಲೇ ಇಲ್ಲ. ಕೊಲ್ಕತ್ತಾದಲ್ಲಿ ಯಹೂದಿ ಹೆಣ್ಣುಮಕ್ಕಳ ಶಾಲೆಯೊಂದಿದೆ, ಅಲ್ಲಿ ಈಗ ಓದುವವರಲ್ಲಿ ಹೆಚ್ಚಿನವರು ಮುಸ್ಲಿಂ ಹುಡುಗಿಯರು. ಅಲ್ಲಿನ ಸಿನಗಾಗ್‌ಗಳನ್ನು ನೋಡಿಕೊಳ್ಳುವವರೂ ಮುಸ್ಲಿಮರೇ.

ಎಲ್ಲ ಯಹೂದಿಗಳೂ ಇದನ್ನೆಲ್ಲ ಪಾಲಿಸುವುದಿಲ್ಲ, ಪಾಲಿಸದವರೇ ಬಹಳ. ನಮ್ಮಲ್ಲೂ ಹಾಗೇ ಅಲ್ಲವೇ. ಪಾಲಿಸುವವರಿಗೂ ಒಂದು ಭಯ ಇತ್ತು, ಇದು ಬರೀ ಅಭ್ಯಾಸವಾಗಿಬಿಟ್ಟರೆ? ನನ್ನ ಭಯವೂ ಅದೇ. ಮೊನ್ನೆ ಅಸರ್ ನಮಾಜನ್ನು ಮೂರು ನಿಮಿಷದಲ್ಲಿ ಮುಗಿಸಿದೆ. ರುಕೂನಲ್ಲಿದ್ದಾಗ ಸವಕಳಿಯ ಲೆಕ್ಕದಲ್ಲಿ ತಪ್ಪೆಲ್ಲಿದೆ ಎಂದು ಹೊಳೆಯಿತು, ಸಂತೋಷವೂ ಆಯಿತು. ಮಿಶ್ನಾದಲ್ಲಿ ಹಿಂದಿನ ಭಕ್ತರು ಪ್ರಾರ್ಥನೆಗೆ ಮುಂಚೆ ಒಂದು ಗಂಟೆ ಸುಮ್ಮನೆ ಕಾದಿದ್ದು ಮನಸ್ಸನ್ನು ದೇವರ ಕಡೆ ತಿರುಗಿಸುತ್ತಿದ್ದರು ಎಂದಿದೆ. ಮನಸ್ಸಿನ ಈ ತಿರುಗುವಿಕೆಗೆ ಕವ್ವಾನಾ ಎನ್ನುತ್ತಾರೆ. ನಮ್ಮ ನಿಯ್ಯತ್ತಿಗೆ ಹತ್ತಿರದ್ದು.

11ನೇ ಶತಮಾನದಲ್ಲಿ ಮುಸ್ಲಿಂ ಸ್ಪೇನಿನ ಸರಗೋಸಾದಲ್ಲಿದ್ದ ಬಹ್ಯಾ ಇಬ್ನ್ ಪಕೂದಾ ಎಂಬ ಯಹೂದಿ ಇದೇ ಭಯದಿಂದ ಒಂದು ಪುಸ್ತಕ ಬರೆದರು. ಅರಬ್ಬಿಯಲ್ಲೇ ಬರೆದರು. ಅದರ ಹೆಸರಿನಲ್ಲಿರುವ ‘ಹಿದಾಯಾ’, ‘ಫರಾಯಿಝ್’, ‘ಕುಲೂಬ್’ ಮೂರೂ ಪದ ನಮಗೆ ಗೊತ್ತು. ಹೃದಯದ ಕರ್ತವ್ಯಗಳಿಗೆ ಮಾರ್ಗದರ್ಶನ ಎಂದರ್ಥ. ಕೈಕಾಲುಗಳ ಕರ್ತವ್ಯಗಳ ಬಗ್ಗೆ ಎಲ್ಲರೂ ಬರೆದಿದ್ದಾರೆ, ಹೃದಯದ ಕರ್ತವ್ಯಗಳ ಬಗ್ಗೆ ಯಾರೂ ಬರೆದಿಲ್ಲ ಎಂಬುದು ಅವರ ಕೊರಗು. ಅವರು ಸೂಫಿಗಳ ಬರಹಗಳಿಂದ ಬಹಳ ತೆಗೆದುಕೊಂಡಿದ್ದಾರೆಂದು ವಿದ್ವಾಂಸರು ತೋರಿಸಿದ್ದಾರೆ. ಪುಸ್ತಕದಲ್ಲಿ ಹತ್ತು ‘ಬಾಗಿಲು’ಗಳಿವೆ, ಹತ್ತನೆಯದು ದೇವರ ಪ್ರೀತಿ. ಎಂಟನೆಯದರ ಹೆಸರು ಹೀಬ್ರೂ ಅನುವಾದದಲ್ಲಿ ಹೆಶ್ಬೋನ್ ಹನೆಫೆಶ್. ಹೆಶ್ಬೋನ್ ಎಂದರೆ ಹಿಸಾಬ್. ನೆಫೆಶ್ ಎಂದರೆ ನಫ್ಸ್. ತನ್ನ ತಾನೇ ಲೆಕ್ಕ ನೋಡಿಕೊಳ್ಳುವುದು, ಮುಹಾಸಬಾ. ನಮ್ಮ ಅಕೌಂಟೆನ್ಸಿ ಪುಸ್ತಕದ ಅಟ್ಟೆಯ ಒಳಗೆ ಆ ಎರಡು ಪದ ಬರೆದಿಟ್ಟಿದ್ದೇನೆ. ಮುಂದೆ ಈಜಿಪ್ಟಿನಲ್ಲಿ ಪ್ರಸಿದ್ಧ ಮೈಮೊನಿಡೀಸರ ಮಗ ಅಬ್ರಹಾಂ (1186-1237) ಇನ್ನೂ ಮುಂದೆ ಹೋದರು. ಸೂಫಿಗಳನ್ನು ಮೆಚ್ಚಿ, ಪ್ರಾರ್ಥನೆಗೆ ಮೊದಲು ಕಾಲು ತೊಳೆಯುವುದು, ಸಜ್ದಾ ಮಾಡುವುದು ಮುಂತಾದ್ದನ್ನು ತಮ್ಮವರಲ್ಲಿ ತಂದರು. ಇವು ನಮ್ಮ ಪೂರ್ವಜರ ಹಳೆಯ ಪದ್ಧತಿಗಳೇ ಎಂಬುದು ಅವರ ವಾದ.

ಲೇಖನ ಮುಗಿಸುವ ಮೊದಲು ಆ ಒಂದು ಪ್ರಾರ್ಥನೆಯ ಅರ್ಥವನ್ನು ಅಬ್ಬಾಗೆ ಓದಿ ಹೇಳಬೇಕೆಂದು ಹಲವು ದಿನದಿಂದ ಇತ್ತು. ಡಯಾಲಿಸಿಸ್ ಇಲ್ಲದ ದಿನ, ಅಂಗಡಿಯಲ್ಲಿ, ಗಿರಾಕಿ ಇಲ್ಲದ ಹೊತ್ತು ನೋಡಿ ಹೇಳಿದೆ. ನಾಳಗಳು, ರಂಧ್ರಗಳು, ಒಂದು ಕಟ್ಟಿಕೊಂಡರೂ. ಉರ್ದುವಿನಲ್ಲಿ ಹೇಳುವಾಗ ನನ್ನ ಸ್ವರ ಸಣ್ಣದಾಯಿತು. ಅವರು ತಕ್ಕಡಿಯ ತಟ್ಟೆ ಒರೆಸುತ್ತಿದ್ದರು. “ಯಹೂದಿಗಳು ಇದನ್ನು ದಿನಾ ಹೇಳುತ್ತಾರಾ?” ಎಂದರು. ಪ್ರತಿ ಸಲ ಎಂದೆ. ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಅವರಿಗೆ ದಿನಕ್ಕೆ ಮುಕ್ಕಾಲು ಲೀಟರ್ ನೀರು ಮಾತ್ರ. ಬೆಳಗ್ಗೆ ಅಮ್ಮಿ ಅಳೆದು ಬಾಟಲಿಗೆ ತುಂಬಿ ಕೊಡುತ್ತಾರೆ. ಅಬ್ಬಾ ಬಾಟಲಿ ಎತ್ತಿ ಬೆಳಕಿಗೆ ಹಿಡಿದು ಎಷ್ಟು ಉಳಿದಿದೆ ನೋಡಿದರು. ಮುಚ್ಚಳಕ್ಕೆ ಎರಡು ಗುಟುಕು ಬಗ್ಗಿಸಿ, ಬಿಸ್ಮಿಲ್ಲಾ ಎಂದು ಕುಡಿದು, ಬಾಟಲಿಯ ಮೇಲೆ ಪೆನ್ನಿನಿಂದ ಹೊಸ ಗೆರೆ ಎಳೆದು, “ಇನ್ನೊಮ್ಮೆ ಓದು” ಎಂದರು.